ಕಸ್ತೂರೆಮ್ಮನ ಕಣ್ಣಿಂದ ತೆಗೆದ ಪದರ

ಮನೆಯ ಮಿಕ್ಸರ್ ಕೆಟ್ಟರೆ ಮರುದಿನವೇ ರಿಪೇರಿಗೆ ಒಯ್ಯುತ್ತೇವೆ. ಬೈಕಿನ ದೀಪ ಹೋದರೆ ಸಂಜೆಯೊಳಗೆ ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸುತ್ತೇವೆ. ಮನೆಯ ಹೆಂಗಸಿನ ಕಣ್ಣು ಮಂಜಾದರೆ ಮಾತ್ರ, "ವಯಸ್ಸಾತು, ಇನ್ನ ಹಂಗಾ" ಎಂದು ಕೈಬಿಡುತ್ತೇವೆ. ಹೆಂಗಸೂ ತಲೆಯಾಡಿಸಿ ತನ್ನ ಕೆಲಸಕ್ಕೆ ಹೋಗುತ್ತಾಳೆ. ಕಣ್ಣು ತೋರಿಸಿ ಎಂದು ಎಷ್ಟು ಸಲ ಹೇಳಬೇಕೋ ಆ ಶಿವನೇ ಬಲ್ಲ. ಹೇಳಿ ಹೇಳಿ ನಮ್ಮ ಬಾಯಿ ಒಣಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇವೆ, ಈ ಸಲ ಮಸ್ಕಿಯ ಕಸ್ತೂರೆಮ್ಮನ ಹೆಸರು ಹಿಡಿದು.

ಕಸ್ತೂರೆಮ್ಮನಿಗೆ ಐವತ್ತೆಂಟು. ಗಂಡ ಮರಿಸ್ವಾಮಿಯದು ಬಸ್ ನಿಲ್ದಾಣದ ಹತ್ತಿರ ಹಗ್ಗ, ಗೋಣಿಚೀಲ, ತಾಡಪತ್ರಿ ಮಾರುವ ಅಂಗಡಿ. ಆಕೆ ಮಧ್ಯಾಹ್ನ ಅಂಗಡಿಯಲ್ಲಿ ಕೂಡುತ್ತಾಳೆ, ಉಳಿದ ಹೊತ್ತು ಮನೆ. ಏನೇ ಇರಲಿ, ಬೆಳಗ್ಗೆ ಜಳಕ ಮಾಡಿ ವಿಭೂತಿ ಹಚ್ಚಿ, ಕೊರಳಲ್ಲಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈ ಮೇಲಿಟ್ಟು, ಅದನ್ನೇ ದಿಟ್ಟಿಸುತ್ತ ಅರ್ಧ ತಾಸು ಕೂಡುವುದನ್ನು ತಪ್ಪಿಸಿದವಳಲ್ಲ. ಒಂಬತ್ತನೇ ವಯಸ್ಸಿಗೆ ದೀಕ್ಷೆಯಾದಾಗಿನಿಂದ ಹಾಗೇ. ಹೆರಿಗೆಯ ದಿನ ಬಿಟ್ಟರೆ ಮತ್ತೆಂದೂ ಬಿಟ್ಟಿಲ್ಲ ಎಂದು ಹೇಳಿಕೊಳ್ಳುವಾಗ ಆಕೆಯ ದನಿಯಲ್ಲಿ ಸ್ವಲ್ಪ ಜಂಬವೂ ಇರುತ್ತಿತ್ತು.

ಒಂದು ಬೆಳಗ್ಗೆ ಕೈಮೇಲಿನ ಲಿಂಗ ಒಂದು ಕಡೆ ತಗ್ಗಾದಂತೆ ಕಂಡಿತು. ಕಣ್ಣುಜ್ಜಿ ನೋಡಿದಳು. ಮತ್ತೂ ತಗ್ಗು. ಎರಡು ವಾರ ಕಳೆಯುವಷ್ಟರಲ್ಲಿ ಅಂಚು ಸೊಟ್ಟಗಾಯಿತು, ನಡುವೆ ಯಾರೋ ಬೆರಳಿಂದ ಒರೆಸಿದಂತೆ ಮಬ್ಬು. ಕಂತಿ ಒಡೆಯಿತೆಂದುಕೊಂಡಳು ಕಸ್ತೂರೆಮ್ಮ. ಲಿಂಗದ ಮೇಲಿನ ಕರಿ ಲೇಪಕ್ಕೆ ಕಂತಿ ಅನ್ನುತ್ತಾರೆ. ಕಂತಿ ಒಡೆಯಬಾರದು, ಒಡೆದರೆ ಪೂಜೆಯಲ್ಲಿ ಏನೋ ತಪ್ಪಾಗಿದೆ ಎಂದು ಆಕೆಯ ಅತ್ತೆ ಹೇಳುತ್ತಿದ್ದರು. ಕಣ್ಣಿನ ಮೇಲೆ ಆಕೆಗೆ ಸಂಶಯವೇ ಬರಲಿಲ್ಲ. ಸಂಶಯ ಬಂದದ್ದು ತನ್ನ ಮೇಲೆ.

ಗಂಡನಿಗೂ ಹೇಳದೆ ಬಸ್ಸು ಹತ್ತಿ ಗುರುಗುಂಟಾಕ್ಕೆ ಹೋದಳು. ಅಲ್ಲಿ ಸಿದ್ದರಾಮೇಶ ಎಂಬ ಅಯ್ಯನವರು ಲಿಂಗಗಳಿಗೆ ಕಂತಿ ಕಟ್ಟುತ್ತಾರೆ. ಅವರು ಲಿಂಗವನ್ನು ಬೆಳಕಿಗೆ ಹಿಡಿದು ತಿರುವಿ ನೋಡಿದರು.

"ತಾಯಿ, ಕಂತಿಗೆ ಏನೂ ಆಗಿಲ್ಲಲ್ಲ. ಗಟ್ಟಿ ಐತಿ."

"ಆಗೇತ್ರಿ ಅಯ್ನಾರ. ನನ್ನ ಕಣ್ಣಿಗೆ ಕಾಣಾಕತ್ತೈತಿ. ಹೊಸಾದು ಕಟ್ಟಿಕೊಡ್ರಿ."

ಭಕ್ತರು ಅಷ್ಟು ಗೋಗರೆದರೆ ಯಾರು ಒಲ್ಲೆ ಅನ್ನುತ್ತಾರೆ? ಅವರು ಹಳೆಯದನ್ನು ಬಿಡಿಸಿ ಹೊಸದು ಕಟ್ಟಿದರು. ಲಿಂಗ ಮರಳಿ ಕೊರಳಿಗೆ ಬರುವವರೆಗೆ ಕಸ್ತೂರೆಮ್ಮ ನೀರೂ ಮುಟ್ಟದೆ ಅಲ್ಲೇ ಕುಳಿತಿದ್ದಳು. ಮನೆಗೆ ಬಂದು ಮರುದಿನ ಕೈಮೇಲಿಟ್ಟು ನೋಡಿದರೆ ಅದೇ ಸೊಟ್ಟ, ಅದೇ ಮಬ್ಬು.

ಆರು ತಿಂಗಳ ಮೇಲೆ ಮತ್ತೆ ಹೋಗಿ ಮತ್ತೆ ಕಟ್ಟಿಸಿದಳು. ಸೋಮವಾರದ ಜೊತೆ ಗುರುವಾರವೂ ಉಪವಾಸ ಹಿಡಿದಳು. ಪೂಜೆ ಎರಡು ಹೊತ್ತಾಯಿತು. ಲಿಂಗ ಮಾತ್ರ ದಿನದಿನಕ್ಕೆ ಕರಗಿತು. ಕೈ ಕಾಣುತ್ತದೆ, ಬೆರಳು ಕಾಣುತ್ತವೆ, ನಡುವೆ ಇರಬೇಕಾದದ್ದೇ ಇಲ್ಲ.

ಬೇರೆ ಸೂಚನೆಗಳು ಇರಲಿಲ್ಲವೆಂದಲ್ಲ. ಚಹಾ ಬಸಿಯ ಹೊರಗೆ ಬೀಳುತ್ತಿತ್ತು. ಮಗಳು ದಾನೇಶ್ವರಿ ಸಿಂಧನೂರಿನಿಂದ ಬಂದರೆ ದನಿಯಿಂದ ಗುರುತು ಹಿಡಿಯುತ್ತಿದ್ದಳು. ಮುಖದ ಜಾಗದಲ್ಲಿ ಮಬ್ಬು, ಕಿವಿಯೋಲೆ ಮಾತ್ರ ಸ್ಪಷ್ಟ. ಬಾಗಿಲ ಚೌಕಟ್ಟು ಬಾಗಿದೆ ಎಂದು ಬಡಿಗನನ್ನು ಬೈದದ್ದೂ ಆಯಿತು. ಮರಿಸ್ವಾಮಿ ಒಮ್ಮೆ ಕೇಳಿದ.

"ಏ, ಕಣ್ಣಿಗೇನಾಗೇತಿ ನಿಂದು? ಅಳತಿ ಹಗ್ಗ ಕೊಡು ಅಂದ್ರ ಬ್ಯಾರೇದು ಕೊಡಾಕತ್ತೀಯಲ್ಲ."

"ಏನಿಲ್ಲ ಬಿಡ್ರಿ."

"ಮೋತಿಬಿಂದು ಪೊರಿ ತಗಿಯೋ ಆಪರೇಷನ್ ಮೂರು ವರ್ಷದ ಹಿಂದನ ಆಗೇತಿ. ಇನ್ನೇನಿರತೈತಿ? ವಯಸ್ಸು, ಅಷ್ಟ."

ಮಾತು ಅಲ್ಲಿಗೆ ಮುಗಿಯಿತು. ಕಸ್ತೂರೆಮ್ಮ ಸೋತುಹೋಗಿದ್ದಳು. ಐವತ್ತು ವರ್ಷ ನೆಮ್ಮದಿ ಕೊಟ್ಟ ಪೂಜೆಗೆ ಕೂಡುವುದೆಂದರೆ ಈಗ ಮೈ ಭಾರ. ದಿನಾ ಮುಂಜಾನೆ ಎದ್ದು, ನಾನೇನು ತಪ್ಪು ಮಾಡಿದೆ ಎಂದು ಕೇಳುವುದು, ಉತ್ತರವಿಲ್ಲದೆ ಏಳುವುದು. ಹೀಗೇ ಒಂದೂವರೆ ವರ್ಷ ಹೋಯಿತು. ಒಂದೂವರೆ ವರ್ಷ!

ಮೂರನೇ ಸಲ ಗುರುಗುಂಟಾಕ್ಕೆ ಹೋದಾಗ ಸಿದ್ದರಾಮೇಶಯ್ಯನವರು ಲಿಂಗ ಕೈಗೆ ತೆಗೆದುಕೊಳ್ಳಲಿಲ್ಲ. ಹಲಗೆಯ ಮೇಲೆ ಒಣಗಲಿಟ್ಟ ಹೊಸ ಲಿಂಗಗಳಲ್ಲಿ ಒಂದನ್ನು ತಂದು ಆಕೆಯ ಮುಂದಿಟ್ಟರು. ಅವನ್ನಿನ್ನೂ ಯಾರಿಗೂ ದೀಕ್ಷೆಯಲ್ಲಿ ಕೊಟ್ಟಿರಲಿಲ್ಲ.

"ಇದು ಹೆಂಗ ಕಾಣತೈತಿ ತಾಯಿ?"

"ಇದೂ ಸೊಟ್ಟ ಐತಲ್ರಿ."

ಇನ್ನೊಂದು ತಂದರು. "ಇದು?"

"ಇದೂ ಹಂಗಾ."

"ನಿನ್ನೆ ಕಟ್ಟೀನಿ ಇವನ್ನ. ನನ್ನ ಕಸುಬಿನ ಮ್ಯಾಲ ಆಣಿ, ಒಂದೂ ಸೊಟ್ಟ ಇಲ್ಲ. ಊರಾಗಿನ ಲಿಂಗ ಎಲ್ಲಾ ಸೊಟ್ಟ ಆಗ್ಯಾವೇನ್ ಕಸ್ತೂರವ್ವ? ಲಿಂಗ ಛಲೋ ಐತಿ. ಕಣ್ಣ ತೋರಸು. ಎರಡು ಸಲ ಕಂತಿ ಕಟ್ಟಿಕೊಟ್ಟೆ, ಈ ಮಾತು ಆವಾಗ ಹೇಳಲಿಲ್ಲ. ನಂದೂ ತಪ್ಪ ಐತಿ."

ಕಸ್ತೂರೆಮ್ಮನಿಗೆ ಅಳು ಬಂತು. ಲಿಂಗಕ್ಕೆ ಏನೂ ಆಗಿಲ್ಲ ಎಂಬ ಸಮಾಧಾನಕ್ಕೋ, ಕಣ್ಣು ಹೋಗುತ್ತಿದೆ ಎಂಬ ಹೆದರಿಕೆಗೋ ಆಕೆಗೇ ತಿಳಿಯಲಿಲ್ಲ. ಅಯ್ಯನವರೇ ಲಿಂಗಸುಗೂರಿನ ಬಸ್ಸು ಹತ್ತಿಸಿದರು.

ಲಿಂಗಸುಗೂರಿನ ದವಾಖಾನೆಯಲ್ಲಿ ಕಣ್ಣು ಪರೀಕ್ಷಿಸುವವಳು ಅಂಬಿಕಾ. ಹಟ್ಟಿಯ ಹುಡುಗಿ, ಗಣಿ ಕಾಲೊನಿಯಲ್ಲಿ ಬೆಳೆದವಳು. ಆ ದಿನ ಆಕೆ ಆಗಲೇ ಎಪ್ಪತ್ತು ಜನರನ್ನು ನೋಡಿದ್ದಳು, ನಿಂತು ನಿಂತು ಕಾಲು ಸೋತಿದ್ದವು. ಆದರೂ ಕಸ್ತೂರೆಮ್ಮನನ್ನು ಕೂಡಿಸಿ, ಚೌಕಳಿ ಗೆರೆಗಳ ಒಂದು ಹಾಳೆ ಕೈಗಿಟ್ಟಳು. ಹಾಳೆಯ ನಡುವೆ ಒಂದು ಕರಿ ಚುಕ್ಕೆ.

"ಅಮ್ಮಾರ, ಎಡಗಣ್ಣ ಮುಚ್ಚಿ ಬಲಗಣ್ಣೀಲೆ ಚುಕ್ಕಿ ನೋಡ್ರಿ."

"ಯಾವ ಚುಕ್ಕಿ? ಇಲ್ಲೇನೂ ಇಲ್ಲಲ್ಲವ್ವ. ಗೆರಿ ಎಲ್ಲಾ ಒಳಗ ಸೇದಿಕೊಂಡಾವ."

"ಈಗ ಬಲಗಣ್ಣ ಮುಚ್ಚಿ ನೋಡ್ರಿ."

"ಚುಕ್ಕಿ ಮಸಕ ಮಸಕ ಐತಿ. ಗೆರಿ ಜರಾ ಅಲುಗತಾವ."

ಅಂಬಿಕಾ ಆಕೆಯ ಕೈ ಹಿಡಿದುಕೊಂಡಳು. "ಇಷ್ಟು ದಿನ ಎಲ್ಲಿದ್ರಿ ಅಮ್ಮಾರ?"

"ಪೂಜಾ ಮಾಡಾಕತ್ತಿದ್ದೆ," ಅಂದಳು ಕಸ್ತೂರೆಮ್ಮ.

ಅಂಬಿಕಾ ತಿಳಿಯುವಂತೆ ಹೇಳಿದಳು. "ಮೋತಿಬಿಂದು ಅನ್ನೂದು ಕಣ್ಣಿನ ಮುಂದಿಂದು. ಅದು ನಿಮಗ ಆಗಿ ಹೋಗೇತಿ. ಇದು ಹಿಂದಿಂದು. ಕಣ್ಣಿನ ಹಿಂದ ಒಂದು ಪರದೆ ಐತಿ. ಅದರ ನಟ್ಟನಡುವಿನ ಜಾಗದಿಂದನ ನಾವು ಓದೂದು, ಮಂದಿ ಮುಖ ನೋಡೂದು. ಆ ಜಾಗದ ಮ್ಯಾಲ ಒಂದು ತೆಳು ಪದರ ಬೆಳದು ಪರದೆನ ಜಗ್ಗಾಕತ್ತೈತಿ ಅಂತ ನನಗನಸ್ತೈತಿ. ಹಾಲಿನ ಕೆನಿ ಒಂದು ಕಡೆ ಜಗ್ಗಿದ್ರ ಸುಕ್ಕ ಬೀಳತೈತಲ್ಲ, ಹಂಗ. ಖರೇ ಏನಂತ ಪರದೆ ಡಾಕ್ಟರ್ ಹೇಳಬೇಕು. ಗುರುವಾರ ಸಿಂಧನೂರಿಗೆ ಬರ್ತಾರ. ತಪ್ಪಸಬ್ಯಾಡ್ರಿ."

ಗುರುವಾರ ಮರಿಸ್ವಾಮಿಯೂ ಜೊತೆಗೆ ಬಂದ. ಅಂಗಡಿ ಮುಚ್ಚಿ ಬರಬೇಕಾಯಿತು ಎಂದು ದಾರಿಯುದ್ದಕ್ಕೂ ಗೊಣಗಿದ. ಡಾಕ್ಟರ್ ಶೈಲಜಾ ಸ್ಕ್ಯಾನ್ ಮಾಡಿಸಿ ನೋಡಿದರು. ಅಂಬಿಕಾ ಹೇಳಿದ್ದೇ ಸರಿ. ಎಡಗಣ್ಣು ಚಿಕ್ಕಂದಿನಿಂದಲೂ ಮಂದ, ಆಕೆ ನೆಚ್ಚಿದ್ದು ಬಲಗಣ್ಣನ್ನೇ. ಎಡಗಣ್ಣಿನ ಪದರ ಇನ್ನೂ ತೆಳುವಾಗಿದೆ, ಅದನ್ನು ಸದ್ಯ ನೋಡುತ್ತ ಇರಬಹುದು. ಬಲಗಣ್ಣಿಗೆ ಆಪರೇಷನ್ ಬೇಕು.

"ಸಣ್ಣ ಚಿಮಟಿಗೀಲೆ ಆ ಪದರ ಬಿಡಿಸಿ ತಗೀತೀವಿ. ಆಪರೇಷನ್ ರಾಯಚೂರಾಗ," ಎಂದರು ಡಾಕ್ಟರ್. "ಮೊದಲಿನ ಹಂಗ ಪೂರ್ತಿ ಕಾಣತೈತಿ ಅಂತ ನಾ ಮಾತು ಕೊಡೂದಿಲ್ಲ. ಭಾಳ ತಡ ಆಗೇತಿ. ಆದ್ರ ಹಿಂಗ ಬಿಟ್ರ ಇನ್ನೂ ಕೆಡಬಹುದು."

ಮರಿಸ್ವಾಮಿ ಅಲ್ಲಿಯವರೆಗೆ ತಲೆ ಆಡಿಸುತ್ತಿದ್ದ. ಆಮೇಲೆ ಡಾಕ್ಟರ್ ಇನ್ನೊಂದು ಕಾಗದ ತೆಗೆದರು.

"ಇದೊಂದು ಬ್ಯಾರೆ ಮಾತು. ತಗದ ಪದರಾನ ಸಾಮಾನ್ಯವಾಗಿ ಬಿಸಾಡತೀವಿ. ನೀವು ಒಪ್ಪಿದ್ರ ಅದನ್ನ ಲ್ಯಾಬಿಗೆ ಕಳಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡ್ತಾರ. ಯಾಕ ಬೆಳೀತೈತಿ, ಏನೇನ ಸೇರಿ ಆಗೇತಿ ಅಂತ ಅಭ್ಯಾಸ ಮಾಡಾಕ."

ಮರಿಸ್ವಾಮಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಅಂದ್ರ? ನನ್ನ ಹೆಂಡ್ತಿ ಕಣ್ಣ ಕೊಯ್ದು ಗಾಜಿನ ಕೆಳಗಿಟ್ಟು ಆಟ ಆಡ್ತೀರೇನ್ರಿ? ದೀಕ್ಷಾ ಆದ ದೇಹ ಅದು. ನಾಳೆ ಮಣ್ಣಿಗೆ ಹೋಗೂವಾಗ ಇಡಿಯಾಗಿ ಹೋಗಬೇಕು. ತುಂಡು ಒಂದು ಊರಾಗ, ದೇಹ ಒಂದು ಊರಾಗ ಆಗೂದು ಬ್ಯಾಡ."

"ಬ್ಯಾಡ ಅಂದ್ರ ಬ್ಯಾಡ್ರಿ ಯಜಮಾನ್ರ. ಆಪರೇಷನ್ನಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಬ್ಯಾಡ ಅಂದ್ರೂ ಆಪರೇಷನ್ ಮಾಡ್ತೀವಿ."

"ಏನೂ ಬ್ಯಾಡ. ಎಲ್ಲಾ ಕಣ್ಣ ಮಾರೋ ದಂಧೆ. ಏಳು ನೀ."

ಕಸ್ತೂರೆಮ್ಮ ಗಂಡನ ಹಿಂದೆ ಮಸ್ಕಿಯ ಬಸ್ಸು ಹತ್ತಿದಳು. ಜಗಳ ಮಾಡಲು ಆಕೆಯಲ್ಲಿ ತ್ರಾಣವೇ ಇರಲಿಲ್ಲ. ಅಂಬಿಕಾ ಮೂರು ಸಲ ಫೋನ್ ಮಾಡಿದಳು, ಮರಿಸ್ವಾಮಿ ಮೂರೂ ಸಲ ಕಟ್ ಮಾಡಿದ. ಎರಡು ತಿಂಗಳು ಹೀಗೆ ಕಳೆದವು. ಬಲಗಣ್ಣಿನ ಮಬ್ಬು ಅಗಲವಾಯಿತು. ಒಂದು ಬೆಳಗ್ಗೆ ಕೈಮೇಲೆ ಲಿಂಗವಿದೆಯೋ ಇಲ್ಲವೋ ಎಂದು ಬೆರಳಿಂದ ಮುಟ್ಟಿ ನೋಡಬೇಕಾಯಿತು. ಅಂದು ಆಕೆ ಗಂಡ ಅಂಗಡಿಗೆ ಹೋದ ಮೇಲೆ ದಾನೇಶ್ವರಿಗೆ ಫೋನ್ ಮಾಡಿ, ಅವಳ ಮೂಲಕ ಸಿದ್ದರಾಮೇಶಯ್ಯನವರಿಗೂ ಅಂಬಿಕಾಗೂ ಹೇಳಿಕಳಿಸಿದಳು. ಭಾನುವಾರ ಮನೆಗೆ ಬರಬೇಕು, ಇಬ್ಬರೂ.

ಇಬ್ಬರೂ ಬಂದರು. ಅಯ್ಯನವರು ಮನೆಗೆ ಬಂದರೆಂದು ಮರಿಸ್ವಾಮಿ ಲಗುಬಗೆಯಿಂದ ಚಾಪೆ ಹಾಸಿದ. ಹಿಂದೆಯೇ ಒಳಗೆ ಬಂದ ಅಂಬಿಕಾಳನ್ನು ನೋಡಿ ಮುಖ ಗಂಟಿಕ್ಕಿದ.

"ಯಜಮಾನ್ರ, ನಾ ಹೇಳೂದು ಕೇಳ್ರಿ, ಆಮ್ಯಾಲ ಬೇಕಾದಷ್ಟು ಬೈರಿ," ಎಂದಳು ಅಂಬಿಕಾ. "ಕಣ್ಣ ಕೊಯ್ಯೂದಿಲ್ಲ. ಕಣ್ಣಿನ ತುಂಡು ತಗೊಳ್ಳೂದಿಲ್ಲ. ಅಲ್ಲಿ ಇರಬಾರದ ಒಂದು ಪದರ ಬೆಳದೈತಿ, ಅದನ್ನ ಹೆಂಗೂ ತಗೀಬೇಕು. ತಗದದ್ದನ್ನ ಬಿಸಾಡಬೇಕೋ, ನೋಡಬೇಕೋ ಅಂತ ಅಷ್ಟ ಕೇಳ್ತಾರ. ಅದಕ್ಕಂತ ಹೆಚ್ಚಿಗೆ ಏನೂ ಕತ್ತರಿಸೂದಿಲ್ಲ. ಯಾರೂ ಮಾರೂದಿಲ್ಲ. ಕಾಗದದಾಗ ಅಮ್ಮಾರ ಹೆಸರು ಹೊರಗ ಹೇಳೂದಿಲ್ಲ ಅಂತನೂ ಬರದೈತಿ."

"ನೋಡಿದ್ರ ಈಕಿಗೇನು ಫಾಯಿದಾ?"

"ಸುಳ್ಳು ಹೇಳೂದಿಲ್ಲ. ಅಮ್ಮಾರಿಗೆ ಸೀದಾ ಫಾಯಿದಾ ಕಮ್ಮಿ. ಮುಂದ ಬರೋ ಮಂದಿಗೆ ಆದೀತು. ಈ ಪದರ ಯಾಕ ಬೆಳೀತೈತಿ, ಒಬ್ಬೊಬ್ಬರಿಗೆ ತಗದ ಮ್ಯಾಲೂ ಯಾಕ ಮತ್ತ ಬರತೈತಿ ಅನ್ನೂದು ಇನ್ನೂ ಪೂರ್ತಿ ಗೊತ್ತಾಗಿಲ್ಲ."

"ನೋಡ್ದ್ಯಾ? ಫಾಯಿದಾ ಇಲ್ಲ ಅಂತ ಅಕಿನ ಹೇಳ್ತಾಳ."

ಅಯ್ಯನವರು ಚಾಪೆಯ ಮೇಲೆ ಮುಂದಕ್ಕೆ ಸರಿದರು.

"ಮರಿಸ್ವಾಮಿ, ಮೂವತ್ತು ವರ್ಷ ಆತು ನಾ ಕಂತಿ ಕಟ್ಟಾಕತ್ತು. ಒಬ್ಬರ ಕಂತಿ ಒಡದು ಬಂತು ಅಂದ್ರ ಮೊದಲ ಏನ ಮಾಡ್ತೀನಿ ಗೊತ್ತೇನು? ಒಡದ ಚೂರು ಬಿಸಲಿಗೆ ಹಿಡಿದು ನೋಡ್ತೀನಿ. ಎಣ್ಣಿ ಹೆಚ್ಚಾತೋ, ಬೂದಿ ಕಮ್ಮಿ ಬಿತ್ತೋ, ಬೆವರಿಗೆ ಬಿರದೈತೋ. ನೋಡಲಾರದ ಕಟ್ಟಿದ್ರ ಹೊಸಾದೂ ಒಡೀತೈತಿ. ಆ ಚೂರು ನೋಡಿ ಕಲತದ್ದಕ್ಕ ಇವತ್ತು ನಾ ಕಟ್ಟಿದ್ದು ಗಟ್ಟಿ ನಿಲ್ಲತೈತಿ. ಹೌದಿಲ್ಲೋ?"

"ಹೌದ್ರಿ ಅಯ್ನಾರ."

"ತಗದ ಕಂತಿ ಲಿಂಗ ಏನು?"

"ಅಲ್ರಿ."

"ಈಕಿ ಕಣ್ಣಿಂದ ತಗದದ್ದು ಕಣ್ಣ ಏನು?"

ಮರಿಸ್ವಾಮಿ ಸುಲಭಕ್ಕೆ ಬಗ್ಗುವವನಲ್ಲ. "ಆದ್ರೂ ದೇಹದ್ದಲ್ರಿ ಅದು," ಎಂದ ಮೆತ್ತಗೆ.

"ಹೋದ ವರ್ಷ ಸಿಂಧನೂರಾಗ ದವಡಿ ಹಲ್ಲ ಕೀಳಿಸಿಕೊಂಡ್ಯಲ್ಲ, ಆ ಹಲ್ಲ ಮಣ್ಣಿಗೆ ಅಂತ ಮನಿಗೆ ತಂದಿಟ್ಟೀಯೇನು?"

ಅಂಬಿಕಾ ಸೆರಗಿಂದ ಬಾಯಿ ಮುಚ್ಚಿಕೊಂಡಳು. ಮರಿಸ್ವಾಮಿಗೂ ನಗು ಬಂತು, ತಡೆದುಕೊಂಡ. ಆಗ ಕಸ್ತೂರೆಮ್ಮ ಬಾಗಿಲ ಹತ್ತಿರದಿಂದಲೇ ಮಾತಾಡಿದಳು. ದನಿ ಏರಿಸಲಿಲ್ಲ.

"ನನಗ ಸಾಕಾಗೇತ್ರಿ. ಒಂದೂವರೆ ವರ್ಷ ನನ್ನ ತಪ್ಪ ಹುಡುಕಿದೆ. ಎರಡು ತಿಂಗಳಿಂದ ನಿಮ್ಮ ಸಿಟ್ಟ ಇಳೀಲಿ ಅಂತ ಕಾಯಾಕತ್ತೀನಿ. ಈ ಮನ್ಯಾಗ ಯಾರ ಮುಖಾನೂ ನನಗ ಕಾಣವಲ್ದು. ನಿಮ್ಮ ಮುಖ ಮರತ ಹೋಗಾಕತ್ತೈತಿ, ಗೊತ್ತೈತೇನು? ಆಪರೇಷನ್ ಮಾಡಸ್ತೀನಿ. ಆ ಪದರ ನೋಡಬೇಕಂದ್ರ ನೋಡಲಿ. ನನ್ನಂಗ ಇನ್ನೊಬ್ಬಾಕಿ ಕುಂತು ಅಳೂದು ತಪ್ಪತೈತಿ ಅಂದ್ರ ನೂರು ಸಲ ನೋಡಲಿ. ಕಣ್ಣ ನಂದು. ಸಹಿ ನಂದು."

ಮರಿಸ್ವಾಮಿ ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತ ಕುಳಿತ. ಕೊನೆಗೆ, "ರಾಯಚೂರಿಗೆ ಯಾವತ್ತು ಹೋಗಬೇಕು ಕೇಳವ್ವ," ಎಂದ ಅಂಬಿಕಾಗೆ.

ಹೊರಡುವ ಮುನ್ನ ಅಂಬಿಕಾ ತಾನು ತಂದಿದ್ದ ಒಪ್ಪಿಗೆ ಕಾಗದವನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ ಓದಿ ಹೇಳಿದಳು. ನಡುವೆ ಮನಸ್ಸು ಬದಲಾದರೆ ಬೇಡ ಅನ್ನಬಹುದು, ಬೇಡ ಅಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂಬುದನ್ನು ಎರಡು ಸಲ ಹೇಳಿದಳು. ಕಸ್ತೂರೆಮ್ಮ ಅಂಬಿಕಾಳ ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು. ಗೆರೆ ಬಿಟ್ಟು ಸಹಿ ಮೇಲಕ್ಕೆ ಹೋಯಿತು, ಆದರೂ ಅದು ಆಕೆಯದೇ ಸಹಿ.

ಆಪರೇಷನ್ ಆಯಿತು. ಕಣ್ಣಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರು. ಪಟ್ಟಿ ಬಿಚ್ಚಿದ ದಿನ ಏನೂ ಪವಾಡ ನಡೆಯಲಿಲ್ಲ, ಮೊದಲಿಗಿಂತ ಮಂಜೇ ಇತ್ತು. ಹನಿ ಹಾಕಿಕೊಳ್ಳುವುದು, ಕಾಯುವುದು, ತಪಾಸಣೆಗೆ ಸಿಂಧನೂರಿಗೆ ಹೋಗುವುದು. ಮೂರನೇ ತಿಂಗಳಿಗೆ ಮಬ್ಬಿನೊಳಗೆ ಗಂಡನ ಮೀಸೆ ಕಂಡಿತು. ಐದನೇ ತಿಂಗಳಿಗೆ ಕೈಮೇಲೆ ಲಿಂಗ ಕಂಡಿತು. ಎಡಕ್ಕೆ ಸ್ವಲ್ಪ ಸೊಟ್ಟ ಇದೆ. ಅದು ಇನ್ನು ಹಾಗೇ ಇರುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಒಂದು ವರ್ಷ ಮೊದಲು ಬಂದಿದ್ದರೆ ಇನ್ನೂ ಚೆನ್ನಾಗಿ ಕಾಣಬಹುದಿತ್ತು ಎಂದೂ ಹೇಳಿದ್ದಾರೆ.

ಆರನೇ ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರ್ ಶೈಲಜಾ ಕಂಪ್ಯೂಟರ್ ತಿರುಗಿಸಿ ಒಂದು ಚಿತ್ರ ತೋರಿಸಿದರು. ಕಸ್ತೂರೆಮ್ಮನ ಕಣ್ಣಿಂದ ತೆಗೆದ ಪದರ. ಸೂಕ್ಷ್ಮದರ್ಶಕದಲ್ಲಿ ಅದು ಎಳೆ ಎಳೆಯಾಗಿ ಕಾಣುತ್ತಿತ್ತು, ಎಳೆಗಳ ನಡುವೆ ಕಪ್ಪು ಚುಕ್ಕೆಗಳು. ಮರಿಸ್ವಾಮಿ ಕನ್ನಡಕ ಏರಿಸಿಕೊಂಡು ಎಲ್ಲರಿಗಿಂತ ಮುಂದೆ ಬಗ್ಗಿದ.

"ಈ ಚುಕ್ಕಿ ಅದಾವಲ್ರಿ, ಇವು ಜೀವಕೋಶ," ಎಂದರು ಡಾಕ್ಟರ್. "ಗಾಯ ಮಾಯೂವಾಗ ಚರ್ಮ ಹಿಡಕೊಂಡು ಬಿಗಿಯಾಗತೈತಿ ನೋಡ್ರಿ, ಅಂಥಾ ಕೆಲಸ ಮಾಡೋ ಜೀವಕೋಶ. ಪರದೆ ಮ್ಯಾಲ ಬೆಳದು, ಅದನ್ನ ಹಿಡದು ಜಗ್ಯಾವ. ಅದಕ್ಕ ಸೊಟ್ಟ ಕಂಡದ್ದು. ವಯಸ್ಸಾದಂಗ ಕೆಲವರಿಗೆ ಹಿಂಗ ಆಗತೈತಿ. ಸಕ್ಕರಿ ಕಾಯಿಲೆ ಇದ್ದವರಿಗೂ, ಕಣ್ಣಿಗೆ ಪೆಟ್ಟು ಬಿದ್ದವರಿಗೂ ಆಗಬಹುದು."

ಕಸ್ತೂರೆಮ್ಮ ಚಿತ್ರವನ್ನೇ ನೋಡುತ್ತಿದ್ದಳು. "ಅಂದ್ರ ಇದು ಮೈಯಾಗ ತಾನಾಗಿ ಬೆಳದದ್ದೇನ್ರಿ ಡಾಕ್ಟರ್?"

"ತಾನಾಗಿ ಬೆಳದದ್ದು."

"ನನ್ನ ಪೂಜಾದಾಗ ಏನೂ ತಪ್ಪ ಇರಲಿಲ್ಲೇನ್ರಿ?"

ಡಾಕ್ಟರಿಗೆ ತಕ್ಷಣ ಅರ್ಥವಾಗಲಿಲ್ಲ. ಮರಿಸ್ವಾಮಿಗೆ ಆಯಿತು. "ಇಲ್ಲ ಬೇ ಕಸ್ತೂರಿ," ಎಂದ ಆತ, ಹೆಂಡತಿಯ ಭುಜದ ಮೇಲೆ ಕೈಯಿಟ್ಟು. "ಏನೂ ತಪ್ಪ ಇರಲಿಲ್ಲ ನಿಂದು. ತಪ್ಪ ನಂದು, ಒಂದ ಸಲ ಕೇಳಿ ಸುಮ್ಮನಾದೆ." ಕಸ್ತೂರೆಮ್ಮ ಆ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಎರಡು ವರ್ಷದ ಅಳು ಅದು. ಹೊರಗೆ ಸರದಿಯಲ್ಲಿ ಕುಳಿತವರೆಲ್ಲ ಏನಾಯಿತೋ ಎಂದು ಇಣುಕಿ ನೋಡಿದರು.

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ಕುಳಿತಲ್ಲೇ ಒಂದು ಕೆಲಸ ಮಾಡಿ. ದೂರ ನೋಡಲು ಕನ್ನಡಕ ಹಾಕುವವರು ಹಾಕಿಕೊಳ್ಳಿ. ಒಂದು ಕಣ್ಣನ್ನು ಒತ್ತದೆ ಅಂಗೈಯಿಂದ ಮುಚ್ಚಿ, ಎದುರಿನ ಬಾಗಿಲ ಚೌಕಟ್ಟು ನೋಡಿ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಎರಡೂ ಕಣ್ಣು ತೆರೆದಿದ್ದರೆ ಚೆನ್ನಾಗಿರುವ ಕಣ್ಣು ಕೆಟ್ಟ ಕಣ್ಣಿನ ಕೊರತೆ ಮುಚ್ಚಿಬಿಡುತ್ತದೆ, ಅದಕ್ಕೇ ಒಂದೊಂದಾಗಿ ನೋಡಬೇಕು. ನೆಟ್ಟಗಿನ ಗೆರೆ ಬಾಗಿದಂತೆ ಕಂಡರೆ, ಮುಖದ ನಡುವೆ ಮಬ್ಬು ಬಂದರೆ, ಮೋತಿಬಿಂದು ಆಪರೇಷನ್ ಆಗಿದೆ ಎಂದು ಸುಮ್ಮನಿರಬೇಡಿ. ಹತ್ತಿರದ ದವಾಖಾನೆಯಲ್ಲಿ ಕಣ್ಣಿನ ಹಿಂದಿನ ಪರದೆ ನೋಡಿಸಿ. ಸಕ್ಕರೆ ಕಾಯಿಲೆ ಇದ್ದವರು ಏನೂ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ.

ತೆಗೆದ ಪದರ ಪರೀಕ್ಷೆಗೆ ಕೊಡುತ್ತೀರಾ ಎಂದು ಆಸ್ಪತ್ರೆಯವರು ಕೇಳಿದರೆ ಹೆದರಬೇಡಿ, ಸಿಟ್ಟಾಗಬೇಡಿ. ಕಾಗದ ಓದಿಸಿ, ತಿಳಿಯದ್ದನ್ನು ಕೇಳಿ, ಆಮೇಲೆ ಹೂಂ ಅನ್ನಿ ಅಥವಾ ಬೇಡ ಅನ್ನಿ. ಅದು ನಿಮಗೆ ಬಿಟ್ಟದ್ದು. ಆದರೆ ಆ ಕಾಗದದ ಮೇಲಿನ ಸಿಟ್ಟಿಗೆ ಆಪರೇಷನ್ ಬಿಟ್ಟು ಮನೆಗೆ ಬರಬೇಡಿ.

ನಿಮ್ಮ ಮನೆಯಲ್ಲೂ ಒಬ್ಬಳು "ಏನಿಲ್ಲ ಬಿಡ್ರಿ" ಅನ್ನುತ್ತಿರಬಹುದು. ಆಕೆ ತನ್ನ ತಪ್ಪು ಹುಡುಕುತ್ತ ಕೂತಿರಬಹುದು. ಇವತ್ತೇ ಇನ್ನೊಂದು ಸಲ ಕೇಳಿ, ಕೇಳಿ ದವಾಖಾನೆಯ ಬಸ್ಸು ಹತ್ತಿಸಿ.